ಕಲ್ಲು ಓದಿದ ಮನೆತನ: ಬೆಂಗಳೂರಿನ ರೈಸ್ ಕುಟುಂಬ

ಬೆಂಗಳೂರಿನ ಪಶ್ಚಿಮ ಅಂಚಿನ ಉಲ್ಲಾಳದ ಜನರಿಗೆ ಜ್ಞಾನಭಾರತಿ ಎಂದರೆ ನೆರೆಮನೆಯಿದ್ದಂತೆ. ಬೆಂಗಳೂರು ವಿಶ್ವವಿದ್ಯಾಲಯದ ಆ ವಿಶಾಲ ಆವರಣ ಇಪ್ಪತ್ತನೆಯ ಶತಮಾನದ ಉತ್ತರಾರ್ಧದ್ದು. ಆದರೆ 1964ರಲ್ಲಿ ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ತಾಯಿಬೇರು ಇದ್ದುದು ನಗರದ ನಡುವಿನ ಸೆಂಟ್ರಲ್ ಕಾಲೇಜಿನಲ್ಲಿ. ಆ ಬೇರನ್ನೇ ಇನ್ನಷ್ಟು ಕೆಳಕ್ಕೆ ಅಗೆಯುತ್ತ ಹೋದರೆ 1858ರಲ್ಲಿ ಆರಂಭವಾದ ಬೆಂಗಳೂರು ಹೈಸ್ಕೂಲು ಸಿಗುತ್ತದೆ. ಅದರ ಮೊದಲ ಮುಖ್ಯಸ್ಥರು ಜಾನ್ ಗ್ಯಾರೆಟ್. ಎರಡು ವರ್ಷಗಳ ಬಳಿಕ, 1860ರಲ್ಲಿ, ಅದರ ಪ್ರಿನ್ಸಿಪಾಲರಾಗಿ ಬಂದವರು ಇಪ್ಪತ್ತಮೂರು ವರ್ಷದ ಒಬ್ಬ ಆಂಗ್ಲ ತರುಣ. ಆತ ಇಂಗ್ಲೆಂಡಿನಲ್ಲಿ ಓದಿ ಬಂದಿದ್ದರೂ ಹುಟ್ಟಿದ್ದು ಬೆಂಗಳೂರಿನಲ್ಲೇ. ಹೆಸರು ಬೆಂಜಮಿನ್ ಲೂಯಿಸ್ ರೈಸ್. ಮುಂದೆ ಕನ್ನಡಿಗರು ‘ಶಾಸನ ಪಿತಾಮಹ’ ಎಂದು ಕರೆದದ್ದು ಈ ಬಿ.ಎಲ್. ರೈಸ್ ಅವರನ್ನೇ.

ರೈಸ್ ಅವರ ಹೆಸರನ್ನು ಕೇಳದ ಇತಿಹಾಸದ ವಿದ್ಯಾರ್ಥಿ ಕರ್ನಾಟಕದಲ್ಲಿ ಇರಲಾರ. ಆದರೆ ಅವರೊಬ್ಬರೇ ಅಲ್ಲ, ಅವರ ಹಿಂದೆ ಒಂದು ಮನೆತನವೇ ಇತ್ತು ಎಂಬುದು ಎಲ್ಲರಿಗೂ ನೆನಪಿರುವುದಿಲ್ಲ. ತಂದೆ, ಮಗ, ತಮ್ಮ, ಮಾವ ಹೀಗೆ ಒಂದೇ ಬಳಗದ ನಾಲ್ವರು ಹತ್ತೊಂಬತ್ತನೆಯ ಶತಮಾನದ ಕನ್ನಡದ ಕೆಲಸದಲ್ಲಿ ಕೈಯಿಟ್ಟರು. ಕದಂಬ, ಗಂಗ, ಹೊಯ್ಸಳರ ವಂಶಾವಳಿಗಳನ್ನು ಕಲ್ಲುಗಳಿಂದ ಹೆಕ್ಕಿ ಜೋಡಿಸಿದವರ ಸ್ವಂತ ವಂಶಾವಳಿ ಏನಾಗಿತ್ತು ಎಂದು ನೋಡುವುದು ಕುತೂಹಲದ ಸಂಗತಿ.

ಬಂದವರಲ್ಲಿ ಬಗೆಗಳು

ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಇಂಗ್ಲಿಷರು ಇಲ್ಲಿಗೆ ಬಂದು ನೆಲೆಸುವುದು ಸುಲಭದ ಮಾತಾಗಿರಲಿಲ್ಲ. ಕಂಪನಿಯ ನೌಕರರನ್ನು ಬಿಟ್ಟು ಉಳಿದವರು ಪರವಾನಗಿ ಇಲ್ಲದೆ ಇಲ್ಲಿ ಇರುವಂತಿರಲಿಲ್ಲ. ವ್ಯಾಪಾರಕ್ಕೆ ಅಡ್ಡಿಯಾದೀತೆಂಬ ಭಯದಿಂದ ಪಾದ್ರಿಗಳನ್ನೂ ಕಂಪನಿ ದೂರವಿಟ್ಟಿತ್ತು. 1813ರ ಸನ್ನದು ಕಾಯಿದೆ ಮಿಷನರಿಗಳಿಗೆ ಬಾಗಿಲು ತೆರೆಯಿತು. 1833ರ ಕಾಯಿದೆ ಯೂರೋಪಿಯನ್ನರು ಬಂದು ನೆಲೆಸಲು, ಜಮೀನು ಹೊಂದಲು ದಾರಿ ಮಾಡಿತು.

ಆನಂತರ ಮೈಸೂರು ಸೀಮೆಗೆ ಬಂದವರಲ್ಲಿ ಹಲವು ಬಗೆಯವರಿದ್ದರು. ಚಿಕ್ಕಮಗಳೂರು, ಮಂಜರಾಬಾದ್ ಕಡೆ ಕಾಡು ಕಡಿದು ಕಾಫಿ ತೋಟ ಮಾಡಿದವರು ಒಂದು ಬಗೆ. 1850ರ ದಶಕದಲ್ಲಿ ಬಂದು ಮಂಜರಾಬಾದಿನಲ್ಲಿ ತೋಟ ಹಾಕಿದ ರಾಬರ್ಟ್ ಎಲಿಯಟ್ ತನ್ನ ಅನುಭವಗಳನ್ನು 1871ರಲ್ಲಿ ಪುಸ್ತಕವಾಗಿಯೇ ಬರೆದ. ಬೆಂಗಳೂರಿನ ದಂಡಿನಲ್ಲಿ ಸೇವೆ ಮುಗಿಸಿ ಇಲ್ಲಿಯ ಹವೆಗೆ ಮನಸೋತು ಉಳಿದ ಸೈನಿಕರು ಇನ್ನೊಂದು ಬಗೆ. ಕೋಲಾರದ ಚಿನ್ನದ ಆಸೆಗೆ ಬಂದವರದು ಮತ್ತೊಂದು. ಇಂಥವರ ಹೆಸರುಗಳು ತೋಟಗಳಿಗೆ, ಬಂಗಲೆಗಳಿಗೆ, ರಸ್ತೆಗಳಿಗೆ ಅಂಟಿಕೊಂಡವು.

ರೈಸ್ ಮನೆಯವರು ಈ ಯಾವ ಗುಂಪಿಗೂ ಸೇರಿದವರಲ್ಲ. ಅವರ ಬದುಕು ಮಿಷನ್ನಿನ ಸಂಬಳದಲ್ಲಿ, ಸರಕಾರದ ಸಂಬಳದಲ್ಲಿ ನಡೆಯಿತು. ಅವರು ಬೇರೂರಿದ್ದು ನೆಲದಲ್ಲಿ ಎನ್ನುವುದಕ್ಕಿಂತ ನುಡಿಯಲ್ಲಿ ಎಂದರೆ ಸರಿಯಾದೀತು.

ಪೇಟೆಯ ಪಾದ್ರಿ

ಈ ಮನೆತನದ ಮೂಲಪುರುಷ ರೆವರೆಂಡ್ ಬೆಂಜಮಿನ್ ರೈಸ್. 1814ರಲ್ಲಿ ಹುಟ್ಟಿದ ಈತ ಲಂಡನ್ ಮಿಷನರಿ ಸೊಸೈಟಿಯ ಪಾದ್ರಿಯಾಗಿ, ಪತ್ನಿ ಜೇನ್ ಪೀಚ್ ಸಿಂಗರ್ ಅವರೊಡನೆ 1837ರಲ್ಲಿ ಬೆಂಗಳೂರಿಗೆ ಬಂದರು. ಸೂಯೆಜ್ ಕಾಲುವೆ ಇನ್ನೂ ಆಗಿರಲಿಲ್ಲ. ಆಫ್ರಿಕದ ತುದಿಯನ್ನು ಸುತ್ತಿ ಬರುವ ಹಡಗಿನ ಪ್ರಯಾಣಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು. ಬಂದ ವರ್ಷವೇ, ಜುಲೈ 17ರಂದು, ದಂಪತಿಗಳಿಗೆ ಗಂಡುಮಗು ಹುಟ್ಟಿತು. ಆ ಮಗುವೇ ಲೂಯಿಸ್.

ಆಗಿನ ಮೈಸೂರಿನ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಿತ್ತುಕೊಂಡಿದ್ದರು. 1834ರಿಂದ ಮಾರ್ಕ್ ಕಬ್ಬನ್ ಕಮಿಷನರ್. ಬೆಂಗಳೂರು ಎರಡು ಊರಾಗಿತ್ತು: ಇತ್ತ ಕನ್ನಡದ ಪೇಟೆ, ಅತ್ತ ಇಂಗ್ಲಿಷರ ದಂಡು. ಬೆಂಜಮಿನ್ ರೈಸ್ ಅವರ ಕಾರ್ಯಕ್ಷೇತ್ರ ಪೇಟೆ. ಪೇಟೆಯಲ್ಲಿ ಕೆಲಸ ಮಾಡಬೇಕಾದರೆ ಕನ್ನಡ ಬಾರದೆ ಗತಿಯಿರಲಿಲ್ಲ.

ಆ ಹೊತ್ತಿಗೆ ಅದೇ ಸಂಸ್ಥೆಯ ಹಿರಿಯರು ದಾರಿ ಹಾಕಿಟ್ಟಿದ್ದರು. ಜಾನ್ ಹ್ಯಾಂಡ್ಸ್ 1810ರಲ್ಲೇ ಬಳ್ಳಾರಿಯಲ್ಲಿ ಕೆಲಸ ಆರಂಭಿಸಿದ್ದರು. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂದಿತ್ತು. ರೈಸ್ ಆ ಸಾಲಿನಲ್ಲಿ ಸೇರಿ ಕನ್ನಡದಲ್ಲಿ ಬರೆಯುವಷ್ಟು, ಬೋಧಿಸುವಷ್ಟು ಪಳಗಿದರು. ಹಳೆಯ ಕನ್ನಡ ಬೈಬಲ್ ಅನುವಾದವನ್ನು ತಿದ್ದಿ ಪರಿಷ್ಕರಿಸಿದವರಲ್ಲಿ ಅವರೂ ಒಬ್ಬರು. ಮತಾಂತರವೇ ಅವರು ಬಂದ ಉದ್ದೇಶವಾಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಆ ಉದ್ದೇಶಕ್ಕಾಗಿ ಕಲಿತ ಭಾಷೆ ಮನೆಯ ಆಸ್ತಿಯಾಗಿ ಮಕ್ಕಳಿಗೆ ದಾಟಿತು. ಐವತ್ತು ವರ್ಷಗಳ ಕಾಲ ದುಡಿದು 1887ರಲ್ಲಿ ಬೆಂಜಮಿನ್ ರೈಸ್ ತೀರಿಕೊಂಡರು. ಅವೆನ್ಯೂ ರಸ್ತೆಯಲ್ಲಿರುವ, ಅಂದಿನ ದೊಡ್ಡಪೇಟೆಯ, ರೈಸ್ ಸ್ಮಾರಕ ಚರ್ಚು ಅವರ ಹೆಸರನ್ನು ಹೊತ್ತಿದೆ. ಅಂಗಡಿ ಸಾಲುಗಳ ನಡುವೆ ಒತ್ತಿಕೊಂಡು ನಿಂತಿರುವ ಈಗಿನ ಕಟ್ಟಡ 1917ರದು.

ದಫ್ತರದಲ್ಲಿ ಉಳಿದ ಹೆಸರು

ಇಂಥ ಕುಟುಂಬವೊಂದರ ಜಾಡು ಹಿಡಿಯುವುದು ಹೇಗೆ? ಭಾರತದಲ್ಲಿ ನೆಲೆಸಿದ್ದ ಇಂಗ್ಲಿಷರ ಸ್ನಾನದೀಕ್ಷೆ, ಮದುವೆ, ಶವಸಂಸ್ಕಾರಗಳನ್ನು ಚರ್ಚುಗಳ ದಫ್ತರಗಳಲ್ಲಿ ಬರೆದಿಡುತ್ತಿದ್ದರು. ಮದರಾಸು, ಮುಂಬಯಿ, ಕಲ್ಕತ್ತಗಳಲ್ಲಿ ಒಟ್ಟುಗೂಡಿದ ದಾಖಲೆಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಅವು ಇಂಡಿಯಾ ಆಫೀಸಿನ ಕಾಗದಪತ್ರಗಳೊಂದಿಗೆ ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ತಮ್ಮ ಮುತ್ತಾತ ಮುತ್ತಜ್ಜಿಯರನ್ನು ಅರಸುವವರು ಮೊದಲು ತಟ್ಟುವುದು ಈ ಬಾಗಿಲನ್ನೇ. ಇದಲ್ಲದೆ ಮಿಷನ್ನಿನ ವರದಿಗಳು, ಸರಕಾರಿ ನೌಕರರ ಪಟ್ಟಿಗಳು, ಸಮಾಧಿಗಳ ಮೇಲಿನ ಬರಹಗಳು ಉಂಟು. ಮದರಾಸು ಪ್ರಾಂತ್ಯದ ಇಂಥ ಸಮಾಧಿ ಬರಹಗಳನ್ನು ಜೆ.ಜೆ. ಕಾಟನ್ ಎಂಬ ಅಧಿಕಾರಿ 1905ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಕಾಕತಾಳೀಯವೋ ಏನೋ, ಬೆಂಗಳೂರು ಜಿಲ್ಲೆಯ ಶಾಸನಗಳ ರೈಸ್ ಸಂಪುಟ ಹೊರಬಂದದ್ದೂ ಅದೇ ವರ್ಷ. ಒಬ್ಬರು ತಮ್ಮವರ ಕಲ್ಲುಗಳನ್ನು ಓದುತ್ತಿದ್ದಾಗ ಇನ್ನೊಬ್ಬರು ನಮ್ಮವರ ಕಲ್ಲುಗಳನ್ನು ಓದುತ್ತಿದ್ದರು.

ಈ ದಾಖಲೆಗಳಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಗಂಡಸರ ಹೆಸರು ಪೂರ್ತಿಯಾಗಿ ಸಿಗುತ್ತದೆ, ಹೆಂಗಸರು ಬಹುಮಟ್ಟಿಗೆ ‘ಮಿಸೆಸ್’ ಆಗಿ ಉಳಿಯುತ್ತಾರೆ. ಜೇನ್ ರೈಸ್ ಅವರ ವಿಷಯವೂ ಹಾಗೆಯೇ. 1840ರ ದಶಕದಲ್ಲಿ ಬೆಂಗಳೂರು ಪೇಟೆಯಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ನಡೆಸಿದ ಮೊದಲಿಗರಲ್ಲಿ ಆಕೆಯೂ ಸೇರುತ್ತಾರೆ. ಹುಡುಗಿಯರಿಗೆ ಅಕ್ಷರ ಕಲಿಸಿದರೆ ಮನೆಗೆ ಕೇಡೆಂದು ಅನೇಕರು ನಂಬಿದ್ದ ಕಾಲವದು. ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದೇ ದೊಡ್ಡ ಕೆಲಸವಾಗಿತ್ತು. ಗಂಡನ ಹೆಸರಿನಲ್ಲಿ ಚರ್ಚು ನಿಂತಿತು. ಹೆಂಡತಿಯ ಹೆಸರು ವರದಿಯ ಸಾಲುಗಳ ನಡುವೆ ಉಳಿಯಿತು.

ಎರಡು ಮನೆ, ಒಂದು ಬಳಗ

ಲೂಯಿಸ್ ರೈಸ್ ಅವರ ಮಾವ ಜಾನ್ ಗ್ಯಾರೆಟ್ ಕೂಡ ಮೊದಲು ಪಾದ್ರಿಯೇ, ಆದರೆ ವೆಸ್ಲಿಯನ್ ಮಿಷನ್ನಿನವರು. ಬೆಂಗಳೂರಿನ ವೆಸ್ಲಿಯನ್ ಮುದ್ರಣಾಲಯದೊಡನೆ ಅವರ ಹೆಸರು ಹೆಣೆದುಕೊಂಡಿದೆ. ಆಗ ಕನ್ನಡದ ಅಚ್ಚುಮೊಳೆಗಳಿಗೇ ಬರವಿತ್ತು. ಹೆಚ್ಚಿನ ಗ್ರಂಥಗಳು ಓಲೆಗರಿಯಲ್ಲೇ ಇದ್ದವು. ಅಂಥ ದಿನಗಳಲ್ಲಿ, 1849ರಲ್ಲಿ, ಗ್ಯಾರೆಟ್ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಒಟ್ಟಿಗೆ ಅಚ್ಚು ಹಾಕಿಸಿದರು. ಪಾದ್ರಿಯೊಬ್ಬ ಗೀತೆಯನ್ನು ಅಚ್ಚು ಮಾಡಿಸಿದ್ದು ಇಂದಿಗೂ ಸೋಜಿಗವೇ. ಮುಂದೆ ಅವರು ಸರಕಾರದ ವಿದ್ಯಾ ಇಲಾಖೆಗೆ ಸೇರಿ ಅದರ ನಿರ್ದೇಶಕರಾದರು.

ಅವರ ಮಗಳು ಮೇರಿ ಸೋಫಿಯಾಳನ್ನು ಲೂಯಿಸ್ ರೈಸ್ ಮದುವೆಯಾದರು. ಬೇರೆ ಬೇರೆ ಮಿಷನ್ನುಗಳ ಎರಡು ಮನೆಗಳು ಹೀಗೆ ಬೀಗರಾದವು. ಒಂದು ಮನೆಯಲ್ಲಿ ಕನ್ನಡ ಬೈಬಲ್ಲಿನ ತಿದ್ದುಪಡಿ, ಇನ್ನೊಂದರಲ್ಲಿ ಮುದ್ರಣಾಲಯ. ಲೂಯಿಸ್ ರೈಸ್ ಅವರ ಕೆಲಸಕ್ಕೆ ಎರಡು ಕಡೆಯ ಅನುಭವವೂ ಒದಗಿ ಬಂತು.

ಕುದುರೆ ಸವಾರಿ, ಕಲ್ಲಿನ ಬರಹ

1865ರಲ್ಲಿ ಲೂಯಿಸ್ ರೈಸ್ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಆದರು. ಮುಂದೆ ಕೆಲಕಾಲ ವಿದ್ಯಾ ಇಲಾಖೆಯ ನಿರ್ದೇಶಕರ ಸ್ಥಾನದಲ್ಲೂ ಇದ್ದರು. ಕುದುರೆಯ ಮೇಲೆ ಊರೂರು ಸುತ್ತಿ ಶಾಲೆಗಳನ್ನು ನೋಡುವುದು ಅವರ ಉದ್ಯೋಗ. ಹೋದಲ್ಲೆಲ್ಲ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅಕ್ಷರ ಕೊರೆದ ಕಲ್ಲುಗಳು ಕಣ್ಣಿಗೆ ಬೀಳುತ್ತಿದ್ದವು. ಹಳ್ಳಿಯವರಿಗೆ ಅದು ಓದಲು ಬಾರದ ಕಲ್ಲು. ಕೆಲವರು ಅದರಡಿ ನಿಧಿಯಿದೆಯೆಂದು ಭಾವಿಸುತ್ತಿದ್ದರು, ಕೆಲವರು ಅರಿಸಿನ ಕುಂಕುಮ ಹಚ್ಚಿ ಪೂಜಿಸುತ್ತಿದ್ದರು, ಮತ್ತೆ ಕೆಲವರಿಗೆ ಅದು ಬಟ್ಟೆ ಒಗೆಯುವ ಬಂಡೆ.

ಅದೇ ವರ್ಷ ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿ ಸುಮಾರು 150 ಶಾಸನಗಳ ಫೋಟೋ ತೆಗೆದಿದ್ದರು. ಅವುಗಳನ್ನು ಓದಿ ಅನುವಾದಿಸುವ ಹೊಣೆ ರೈಸ್ ಅವರ ಮೇಲೆ ಬಿತ್ತು. ಅದರ ಫಲವೇ 1879ರ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’. ನಡುವೆ 1876ರಿಂದ 1878ರೊಳಗೆ ಮೈಸೂರು ಹಾಗೂ ಕೊಡಗಿನ ಗೆಜೆಟಿಯರಿನ ಮೂರು ಸಂಪುಟಗಳು ಹೊರಬಂದವು. ಗೆಜೆಟಿಯರ್ ಎಂಬುದು ಮೂಲತಃ ಆಳುವವರ ಅನುಕೂಲಕ್ಕಾಗಿ ಹುಟ್ಟಿದ ಗ್ರಂಥ. ಯಾವ ತಾಲ್ಲೂಕಿನಲ್ಲಿ ಎಷ್ಟು ಜನ, ಯಾವ ಬೆಳೆ, ಎಷ್ಟು ಕಂದಾಯ ಎಂದು ತಿಳಿಯದೆ ಆಳುವುದು ಕಷ್ಟವಷ್ಟೆ. ಆದರೆ ಆ ಲೆಕ್ಕದ ಪುಸ್ತಕದಲ್ಲೇ ನಾಡಿನ ಇತಿಹಾಸವನ್ನು ಕ್ರಮವಾಗಿ ಹೇಳುವ ಯತ್ನವನ್ನೂ ರೈಸ್ ಮಾಡಿದರು. ಹಾಗೆ ಹೇಳಹೊರಟಾಗಲೇ ಕಲ್ಲುಗಳ ಬೆಲೆ ಅವರಿಗೆ ಇನ್ನಷ್ಟು ಮನವರಿಕೆಯಾಗಿರಬೇಕು.

1880ರ ದಶಕದಲ್ಲಿ ಮೈಸೂರು ಸರಕಾರ ಪ್ರಾಚ್ಯ ಸಂಶೋಧನೆಗೆಂದೇ ಏರ್ಪಾಡು ಮಾಡಿ ಅದರ ಹೊಣೆಯನ್ನು ಅವರಿಗೆ ವಹಿಸಿತು. ಕೆಲಸದ ಕ್ರಮ ಹೀಗಿರುತ್ತಿತ್ತು: ಕಲ್ಲನ್ನು ತೊಳೆದು, ಅದರ ಮೇಲೆ ಒದ್ದೆ ಕಾಗದವನ್ನು ಹರಡಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗುಗಳಿಗೆ ಕೂರಿಸುವುದು. ಬಳಿಕ ಮೇಲೆ ಮಸಿ ಒತ್ತುವುದು. ಉಬ್ಬಿದ ಭಾಗ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಇದೇ ಪಡಿಯಚ್ಚು. ಅದನ್ನು ಕಚೇರಿಗೆ ತಂದು ಪಂಡಿತರೊಡನೆ ಕುಳಿತು ಓದಿ, ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಪಾಠವನ್ನಿಳಿಸಿ, ಇಂಗ್ಲಿಷಿಗೆ ಅನುವಾದಿಸುವುದು.

ಹೀಗೆ 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ 1905ರ ಹೊತ್ತಿಗೆ ಹನ್ನೆರಡು ಸಂಪುಟಗಳಾಗಿ ಬೆಳೆಯಿತು. ಒಟ್ಟು ಶಾಸನಗಳು ಒಂಬತ್ತು ಸಾವಿರದಷ್ಟು. ಪ್ರತಿ ಕಲ್ಲಿಗೂ ತಾಲ್ಲೂಕಿನ ಹೆಸರಿನಡಿ ಒಂದು ಸಂಖ್ಯೆ. ‘ಶಿಕಾರಿಪುರ 176’ ಎಂದರೆ ಸಾಕು, ಬಲ್ಲವರಿಗೆ ಅದು ತಾಳಗುಂದದ ಕಂಬವೆಂದು ತಿಳಿಯುತ್ತದೆ.

ಕಲ್ಲು ಹೇಳಿದ ವಂಶಾವಳಿ

ತಾಳಗುಂದದ ಆ ಕಂಬ ಒಂದು ಮನೆತನದ ಕಥೆಯನ್ನೇ ಹೇಳುತ್ತದೆ. ವೇದಾಧ್ಯಯನಕ್ಕೆಂದು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕಡೆಯವರಿಂದ ಅವಮಾನಿತನಾಗಿ, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದು ರಾಜ್ಯ ಕಟ್ಟಿದ ಕಥೆ. ಕದಂಬರ ಮೂಲವನ್ನು ಕುರಿತು ಇಂದು ಶಾಲೆಯ ಮಕ್ಕಳು ಓದುವ ಪಾಠ ಈ ಕಂಬದಿಂದ ಬಂದದ್ದು. ಅದನ್ನು ವಿದ್ವಾಂಸರ ಗಮನಕ್ಕೆ ತಂದವರು ರೈಸ್.

1892ರಲ್ಲಿ ಚಿತ್ರದುರ್ಗದ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳು ಅವರ ಕಣ್ಣಿಗೆ ಬಿದ್ದವು. ಮೌರ್ಯರ ಆಳ್ವಿಕೆ ಕರ್ನಾಟಕದವರೆಗೂ ಚಾಚಿತ್ತೆಂಬುದಕ್ಕೆ ಗಟ್ಟಿ ಸಾಕ್ಷ್ಯ ಸಿಕ್ಕಿತು. ಆ ಶಾಸನವನ್ನು ಬರೆದ ಲಿಪಿಕಾರ ಚಪಡ ಕೊನೆಯಲ್ಲಿ ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ದೂರದ ಸೀಮೆಯ ಬರವಣಿಗೆಯನ್ನು ಬಲ್ಲ ಒಬ್ಬ ಇಲ್ಲಿಗೆ ಬಂದು ಆಳುವವರ ಪರವಾಗಿ ಬರೆದಿದ್ದ. ಅವನ ಬರಹವನ್ನು ಓದಿದವನೂ ದೂರದಿಂದ ಬಂದ ಆಳುವವರ ಕಡೆಯವನೇ!

ಎಲ್ಲವೂ ಸಲೀಸಾಗಿ ನಡೆಯಿತೆಂದಲ್ಲ. ಗಂಗರ ಕಾಲನಿರ್ಣಯದ ವಿಚಾರದಲ್ಲಿ ರೈಸ್ ಅವರಿಗೂ ಮುಂಬಯಿ ಪ್ರಾಂತ್ಯದ ಜೆ.ಎಫ್. ಫ್ಲೀಟ್ ಅವರಿಗೂ ದೀರ್ಘಕಾಲ ವಾದ ನಡೆಯಿತು. ಗಂಗರ ತಾಮ್ರಪಟಗಳನ್ನು ನಂಬಿ ರೈಸ್ ವಂಶಾವಳಿ ಕಟ್ಟಿದರು. ಅವುಗಳಲ್ಲಿ ಎಷ್ಟೋ ಕೂಟಶಾಸನಗಳು, ದತ್ತಿಯ ಆಸೆಗೆ ಆಮೇಲೆ ಹುಟ್ಟಿಸಿದವು ಎಂದು ಫ್ಲೀಟ್ ಹಟ ಹಿಡಿದರು. ನಂತರದ ವಿದ್ವಾಂಸರು ಕೆಲವನ್ನು ಒಪ್ಪಿ, ಕೆಲವನ್ನು ತಳ್ಳಿಹಾಕಿ ನಡುದಾರಿ ಹಿಡಿದರು. ಮನೆತನಗಳು ತಮ್ಮ ಮೂಲವನ್ನು ಹಿರಿದಾಗಿ ಹೇಳಿಕೊಳ್ಳುವುದು ಇಂದಿನ ಮಾತಲ್ಲ. ವಂಶಾವಳಿ ಅರಸುವವರು ಎಚ್ಚರ ತಪ್ಪಬಾರದೆಂಬ ಪಾಠ ಈ ವಾದದಲ್ಲಿದೆ.

ಇನ್ನೊಂದು ಮಾತನ್ನೂ ಹೇಳಬೇಕು. ಸಂಪುಟಗಳ ಮೇಲೆ ಇರುವುದು ರೈಸ್ ಹೆಸರು. ಆದರೆ ಹಳಗನ್ನಡ, ಸಂಸ್ಕೃತ ಬಲ್ಲ ಇಲ್ಲಿಯ ಪಂಡಿತರು ಜೊತೆಗಿಲ್ಲದಿದ್ದರೆ ಒಂಬತ್ತು ಸಾವಿರ ಕಲ್ಲುಗಳನ್ನು ಓದುವುದು ಒಬ್ಬರಿಂದ ಆಗುವ ಕೆಲಸವಾಗಿರಲಿಲ್ಲ. ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು 1906ರಲ್ಲಿ ಅವರ ಸ್ಥಾನಕ್ಕೇ ಬಂದರು. 1889ರ ಶ್ರವಣಬೆಳಗೊಳ ಸಂಪುಟದಲ್ಲಿ ರೈಸ್ ಕೊಟ್ಟಿದ್ದು 144 ಶಾಸನಗಳು. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಆ ಸಂಖ್ಯೆ 500ಕ್ಕೆ ಏರಿತು. ಗುರುವಿನ ಕೆಲಸವನ್ನು ಶಿಷ್ಯ ಬೆಳೆಸಿದ್ದು ಹೀಗೆ.

ತಮ್ಮನ ಪಾಲು

ಲೂಯಿಸ್ ಕಲ್ಲಿನ ಜೊತೆಗೆ ಓಲೆಗರಿಯನ್ನೂ ಬಿಡಲಿಲ್ಲ. 1873ರಲ್ಲಿ ಕನ್ನಡ, ಇಂಗ್ಲಿಷ್ ಅರ್ಥಗಳೊಡನೆ ಅಮರಕೋಶವನ್ನು ಹೊರತಂದರು. ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’ 1884ರಲ್ಲಿ, ಭಟ್ಟಾಕಳಂಕನ ‘ಶಬ್ದಾನುಶಾಸನ’ 1890ರಲ್ಲಿ, ಪಂಪಭಾರತ 1898ರಲ್ಲಿ ಅವರ ಗ್ರಂಥಮಾಲೆಯಲ್ಲಿ ಅಚ್ಚಾದವು. ಓಲೆಯಲ್ಲಿದ್ದ ಆದಿಕವಿ ಪುಸ್ತಕದ ಅಂಗಡಿಗೆ ಬಂದ.

ಅವರ ತಮ್ಮ ಎಡ್ವರ್ಡ್ ಪಿ. ರೈಸ್ ತಂದೆಯ ವೃತ್ತಿಯನ್ನೇ ಹಿಡಿದು ಮಿಷನರಿಯಾದರು. ತಂದೆಯ ಜೀವನಚರಿತ್ರೆಯನ್ನು ಬರೆದವರು ಅವರೇ. ಈ ಕುಟುಂಬದ ಬಗ್ಗೆ ತಿಳಿಯುವವರಿಗೆ ಅದೊಂದು ಮುಖ್ಯ ಆಧಾರ. ಆದರೆ ಕನ್ನಡಿಗರಿಗೆ ಅವರು ಹೆಚ್ಚು ಪರಿಚಿತರಾದದ್ದು ಇಂಗ್ಲಿಷಿನಲ್ಲಿ ಬರೆದ ಕನ್ನಡ ಸಾಹಿತ್ಯ ಚರಿತ್ರೆಯಿಂದ. 1915ರಲ್ಲಿ ಮೊದಲು ಬಂದ ಆ ಚಿಕ್ಕ ಪುಸ್ತಕ 1921ರಲ್ಲಿ ಪರಿಷ್ಕೃತವಾಯಿತು. ಕನ್ನಡ ಬಾರದ ಹೊರಗಿನವರಿಗೆ ಪಂಪನಿಂದ ದಾಸರವರೆಗಿನ ಹರಹನ್ನು ಪರಿಚಯಿಸಿದ ಮೊದಲ ಪುಸ್ತಕಗಳಲ್ಲಿ ಅದೂ ಒಂದು. ಅಣ್ಣ ಮೂಲಸಾಮಗ್ರಿ ಕೂಡಿಸಿದ, ತಮ್ಮ ಅದನ್ನು ಸಾಮಾನ್ಯ ಓದುಗರಿಗೆ ಮುಟ್ಟಿಸಿದ.

ಹೋದವರು, ಉಳಿದದ್ದು

1906ರಲ್ಲಿ ನಿವೃತ್ತರಾಗಿ ಲೂಯಿಸ್ ರೈಸ್ ಇಂಗ್ಲೆಂಡಿಗೆ ತೆರಳಿದರು. ಹುಟ್ಟಿದ ಊರನ್ನು ಬಿಟ್ಟು ಹಿರಿಯರ ಊರಿಗೆ ಹೋದರು ಎನ್ನಬೇಕು. ಅಲ್ಲಿಂದಲೇ 1909ರಲ್ಲಿ ‘ಮೈಸೂರ್ ಅಂಡ್ ಕೂರ್ಗ್ ಫ್ರಂ ದಿ ಇನ್‌ಸ್ಕ್ರಿಪ್ಷನ್ಸ್’ ಪ್ರಕಟಿಸಿದರು. ಇದು ಜೀವಮಾನದ ದುಡಿಮೆಯ ಸಾರ. 1927ರ ಜುಲೈ 10ರಂದು, ತೊಂಬತ್ತು ತುಂಬಲು ಒಂದು ವಾರವಿದ್ದಾಗ, ಹ್ಯಾರೋ ಎಂಬಲ್ಲಿ ತೀರಿಕೊಂಡರು. ಬೆಂಗಳೂರಿಗೆ ಬಂದ ತಂದೆ ಇಲ್ಲೇ ಕೊನೆಯವರೆಗೂ ದುಡಿದರು. ಬೆಂಗಳೂರಿನಲ್ಲಿ ಹುಟ್ಟಿದ ಮಗ ಅಲ್ಲಿ ಮಣ್ಣಾದರು. ವಸಾಹತಿನ ಕುಟುಂಬಗಳ ಪಾಡೇ ಅಂಥದು. ಎರಡು ದೇಶ, ಎರಡೂ ಕಡೆ ಅರ್ಧರ್ಧ.

ಅವರನ್ನು ಹೊಗಳುವ ಉತ್ಸಾಹದಲ್ಲಿ ಅವರು ಪರಾಧಿಕಾರದ ಯಂತ್ರದ ಒಂದು ಭಾಗವಾಗಿದ್ದರೆಂಬುದನ್ನು ಮರೆಯಬೇಕಿಲ್ಲ. ಆ ಕಾರಣಕ್ಕಾಗಿ ಅವರು ಮಾಡಿದ್ದನ್ನು ಅಲ್ಲಗಳೆಯುವುದೂ ನ್ಯಾಯವಲ್ಲ. ನಾಡಿನ ಮೂಲೆಮೂಲೆಯ ಹಳ್ಳಿಗೂ ತನ್ನದೊಂದು ಇತಿಹಾಸವಿದೆ, ಅದು ಊರ ಮುಂದಿನ ಕಲ್ಲಿನಲ್ಲೇ ಇದೆ ಎಂದು ತೋರಿಸಿಕೊಟ್ಟ ಸಾಧನೆ ಸಣ್ಣದಲ್ಲ. ಅರಸರ ಹೆಸರು ಮಾತ್ರವಲ್ಲ, ಕೆರೆ ಕಟ್ಟಿಸಿದವನ, ದನ ಕಾಯಲು ಹೋಗಿ ಮಡಿದವನ, ಹುಲಿಯೊಡನೆ ಹೋರಾಡಿದವನ ಹೆಸರೂ ಆ ಸಂಪುಟಗಳಲ್ಲಿವೆ. ಒಬ್ಬ ಸಾಮಾನ್ಯ ಒಕ್ಕಲಿಗ ಸಾವಿರ ವರ್ಷದ ಹಿಂದಿನ ತನ್ನ ಊರಿನವರನ್ನು ಹೆಸರು ಹಿಡಿದು ಕರೆಯಬಲ್ಲನಾದರೆ ಅದು ಈ ಕೆಲಸದಿಂದ.

ಚಿಂತೆಗೆ ಕಾರಣವಾಗಿರುವುದು ಈಗಿನ ಸ್ಥಿತಿ. 1905ರ ಸಂಪುಟದಲ್ಲಿ ದಾಖಲಾದ ಬೆಂಗಳೂರು ಸುತ್ತಿನ ಕಲ್ಲುಗಳಲ್ಲಿ ಹಲವು ಇಂದು ಆ ಸ್ಥಳದಲ್ಲಿಲ್ಲ. ಅಂದು ಹೊಲಗದ್ದೆಗಳಿಂದ ಸುತ್ತುವರಿದಿದ್ದ ಹಳ್ಳಿಗಳು ಬಡಾವಣೆಗಳಾಗಿವೆ. ಕೆರೆಯ ಏರಿ ರಸ್ತೆಯಾಗಿದೆ. ಕಲ್ಲು ಪಾಯಕ್ಕೋ ಚರಂಡಿಯ ಚಪ್ಪಡಿಗೋ ಹೋಗಿದೆ. ಕಲ್ಲು ಹೋದರೂ ಅದರ ಮಾತು ಉಳಿದಿರುವುದು ಪುಸ್ತಕದಲ್ಲಿ ಮಾತ್ರ. ಸಮಾಧಾನವೆಂದರೆ, 2018ರಲ್ಲಿ ಹೆಬ್ಬಾಳದಲ್ಲಿ ಎಂಟನೆಯ ಶತಮಾನದ ಕಿತ್ತಯ್ಯನ ಶಾಸನ ಬೆಳಕಿಗೆ ಬಂದಾಗ ಊರಿನವರೇ ಅದರ ರಕ್ಷಣೆಗೆ ಕೈಜೋಡಿಸಿದರು. ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ನಡೆಸಿದ್ದಾರೆ. ಒದ್ದೆ ಕಾಗದ, ಬ್ರಷ್ಷು, ಮಸಿಯ ಜಾಗಕ್ಕೆ ಬೆಳಕಿನ ಕಿರಣ ಬಂದಿದೆ ಅಷ್ಟೆ.

ಸಮಾಧಿಯ ಮೇಲಿನ ಹೆಸರು, ಚರ್ಚಿನ ದಫ್ತರ, ಪುಸ್ತಕದ ಮುಖಪುಟ ಇವಿಷ್ಟರಿಂದ ಒಂದು ಆಂಗ್ಲ ಕುಟುಂಬದ ನೂರು ವರ್ಷದ ಬದುಕನ್ನು ಕಟ್ಟಿಕೊಳ್ಳಬಹುದು. ಅಷ್ಟನ್ನು ಜೋಪಾನ ಮಾಡುವ ಶ್ರದ್ಧೆ ಅವರಲ್ಲಿತ್ತು, ನಮ್ಮ ಕಲ್ಲುಗಳ ಮೇಲೂ ಅದೇ ಶ್ರದ್ಧೆಯನ್ನು ಅವರಲ್ಲೊಬ್ಬರು ತೋರಿದರು. ತಮ್ಮ ಊರಿನ ಹೆಸರು ಹನ್ನೆರಡು ಸಂಪುಟಗಳಲ್ಲಿ ಎಲ್ಲಿದೆ, ಅಲ್ಲಿ ಹೇಳಿದ ಕಲ್ಲು ಇನ್ನೂ ನಿಂತಿದೆಯೇ ಎಂದು ಒಮ್ಮೆ ಹೋಗಿ ನೋಡಿ ಬರುವುದು ರೈಸ್ ಮನೆತನದ ಋಣ ತೀರಿಸುವ ಒಂದು ದಾರಿ.